ಹಳಿಗಿಂತ ಮೊದಲು ನೆಲ: ಮಾದರಿ ರೈಲಿಗೆ ಭೂದೃಶ್ಯ ಕಟ್ಟುವ ಬಗೆ

ಮಾದರಿ ರೈಲಿನ ಲೇಔಟ್, ಅಂದರೆ ಹಳಿ, ನೆಲ, ಮನೆ, ಮರಗಳೆಲ್ಲ ಸೇರಿದ ಪೂರ್ತಿ ಮಾದರಿ, ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಸಪಾಟಾದ ಹಲಗೆಯ ಮೇಲೆ ಹಳಿ ಜೋಡಿಸಿ, ರೈಲು ಓಡಿಸಿ ನೋಡಿ, ಆಮೇಲೆ ಉಳಿದ ಜಾಗದಲ್ಲಿ ಗುಡ್ಡ, ಮನೆ, ಮರಗಳನ್ನು ಇಡುತ್ತ ಹೋಗುತ್ತಾರೆ. ಹೀಗೆ ಕಟ್ಟಿದ ಲೇಔಟಿನಲ್ಲಿ ಒಂದೊಂದು ವಸ್ತುವೂ ಅಂದವಾಗಿರಬಹುದು; ಆದರೂ ಒಟ್ಟು ನೋಟ ಮೇಜಿನ ಮೇಲಿನ ಆಟಿಕೆಯಾಗಿಯೇ ಉಳಿಯುತ್ತದೆ. ನಿಜವಾದ ರೈಲುಮಾರ್ಗಕ್ಕೆ ಮೊದಲೇ ಅಲ್ಲಿ ನೆಲವಿರುತ್ತದೆ. ಎಂಜಿನಿಯರುಗಳು ದಿಬ್ಬ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ತುಂಬಿ, ಹೊಳೆ ಬಂದಲ್ಲಿ ಸೇತುವೆ ಹಾಕಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ ಸುರಂಗ ಕೊರೆದು ಹಳಿಯನ್ನು ಒಯ್ದಿರುತ್ತಾರೆ. ಭೂದೃಶ್ಯ ಕಟ್ಟುವ ಕೆಲಸವೆಂದರೆ ಮುಖ್ಯವಾಗಿ ಈ ಕ್ರಮವನ್ನು ನೋಡುವವರ ಕಣ್ಣಿಗೆ ನಂಬಿಸುವುದು. ಮುಂದೆ ವಿವರಿಸಿರುವ ಹಂತಗಳೆಲ್ಲ ಈ ಒಂದು ಗುರಿಗೆ ಹೊಂದಿಕೊಂಡಿವೆ.

ಅಳತೆಯ ಲೆಕ್ಕ

ಕೆಲಸಕ್ಕೆ ಕೈಹಾಕುವ ಮೊದಲು ಅಳತೆಯನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗವಾಗಿದ್ದು, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇರುತ್ತದೆ, ಎನ್ ಅಳತೆಯಲ್ಲಿ 160ನೇ ಒಂದು ಭಾಗ ಮತ್ತು 9 ಮಿ.ಮೀ. ಹಾಗಾಗಿ 1.7 ಮೀಟರ್ ಎತ್ತರದ ಮನುಷ್ಯ ಎಚ್‌ಒದಲ್ಲಿ ಸುಮಾರು 2 ಸೆಂ.ಮೀ., ಎನ್‌ನಲ್ಲಿ 1 ಸೆಂ.ಮೀ.ಗಿಂತ ತುಸು ಹೆಚ್ಚು. 15 ಮೀಟರ್ ಎತ್ತರದ ಮರ ಎಚ್‌ಒದಲ್ಲಿ 17 ಸೆಂ.ಮೀ. ಆಗಬೇಕು. ಮಾದರಿಗಳಲ್ಲಿ ಸಾಮಾನ್ಯವಾಗಿ ಕಾಣುವ 6-7 ಸೆಂ.ಮೀ. ಮರಗಳು ನಿಜದಲ್ಲಿ ಎಳೆಯ ಗಿಡಗಳಷ್ಟೇ ಎತ್ತರದವು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇದೇ ಲೆಕ್ಕ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಒಂದು ಕಿಲೋಮೀಟರ್ ಮಾರ್ಗಕ್ಕೆ ಎಚ್‌ಒದಲ್ಲಿ 11.5 ಮೀಟರ್ ಉದ್ದ ಬೇಕು. 100 ಮೀಟರ್ ಎತ್ತರದ ಸಾಧಾರಣ ಗುಡ್ಡಕ್ಕೆ 1.15 ಮೀಟರ್ ಎತ್ತರ ಬೇಕು. ಯಾವ ಕೋಣೆಯಲ್ಲೂ ಇದು ಪೂರ್ತಿ ಹಿಡಿಯದು. ಮಾರ್ಗದ ತಿರುವುಗಳ ವಿಷಯದಲ್ಲಂತೂ ನಾವು ಬಹಳ ರಾಜಿಯಾಗಬೇಕಾಗುತ್ತದೆ: ಎಚ್‌ಒದ ಸಿದ್ಧ ಹಳಿಗಳಲ್ಲಿ ಸಾಮಾನ್ಯವಾದ 45 ಸೆಂ.ಮೀ. ತ್ರಿಜ್ಯದ ತಿರುವು ನಿಜದಲ್ಲಿ ಸುಮಾರು 40 ಮೀಟರ್ ತ್ರಿಜ್ಯಕ್ಕೆ ಸಮ, ಮುಖ್ಯಮಾರ್ಗದ ಯಾವ ಉದ್ದನೆಯ ಬೋಗಿಯೂ ಅಂಥ ತಿರುವಿನಲ್ಲಿ ಸಾಗಲಾರದು. ಆದ್ದರಿಂದ ಯಾವುದನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ಆಯ್ಕೆ ಮೊದಲೇ ಆಗಬೇಕು. ಬಿಗಿಯಾದ ತಿರುವುಗಳನ್ನು ಗುಡ್ಡದ ಹಿಂದೆ, ಮರಗಳ ಸಾಲಿನ ಹಿಂದೆ ಅಥವಾ ಸುರಂಗದೊಳಗೆ ಸೇರಿಸಿ, ನೇರವಾದ ಮತ್ತು ಉದ್ದ ಬಾಗಿನ ಭಾಗಗಳನ್ನು ಮುಂದಕ್ಕೆ ತನ್ನಿ.

ಚೌಕಟ್ಟು ಮತ್ತು ಹಳಿಯ ಹಾದಿ

ನೆಲ ಹಳಿಯ ಮಟ್ಟಕ್ಕಿಂತ ಕೆಳಗೂ ಇಳಿಯಬೇಕಾದರೆ ಇಡೀ ಲೇಔಟಿಗೆ ಒಂದೇ ಹಲಗೆ ಹಾಸಬಾರದು. ಮರದ ಪಟ್ಟಿಗಳಿಂದ ತೆರೆದ ಚೌಕಟ್ಟು ಮಾಡಿ, ಹಳಿ ಹಾದುಹೋಗುವ ಕಡೆ ಮಾತ್ರ 9ರಿಂದ 12 ಮಿ.ಮೀ. ದಪ್ಪದ ಪ್ಲೈವುಡ್ಡನ್ನು ಪಟ್ಟಿಯಾಗಿ ಕತ್ತರಿಸಿ, ಚಿಕ್ಕ ಕಂಬಗಳ ಮೇಲೆ ಏರಿಸಿ ಕೂರಿಸುವುದು ಉತ್ತಮ ವಿಧಾನ. ಪಟ್ಟಿಯ ಎರಡೂ ಬದಿ ಖಾಲಿ ಉಳಿಯುವುದರಿಂದ ಅಲ್ಲಿ ಕಣಿವೆಯನ್ನೂ ತೆಗೆಯಬಹುದು, ದಿಬ್ಬವನ್ನೂ ಏರಿಸಬಹುದು. ಅಮೆರಿಕದ ಮಾದರಿ ರೈಲು ಪತ್ರಿಕೆಯ ಸಂಪಾದಕ ಲಿನ್ ವೆಸ್ಟ್‌ಕಾಟ್ ಪ್ರಚಾರಕ್ಕೆ ತಂದ ಎಲ್-ಗರ್ಡರ್ ಚೌಕಟ್ಟು, ಅಂದರೆ ಎರಡು ಪಟ್ಟಿಗಳನ್ನು ‘ಎಲ್’ ಆಕಾರಕ್ಕೆ ಜೋಡಿಸಿದ ತೊಲೆಗಳ ಚೌಕಟ್ಟು, ಇದೇ ಬಗೆಯದು. ಅದರ ಅಡ್ಡಪಟ್ಟಿಗಳನ್ನು ಕೆಳಗಿನಿಂದ ತಿರುಪುಮೊಳೆ ಹಾಕಿ ಕೂರಿಸುವುದರಿಂದ, ಮೇಲೆ ಭೂದೃಶ್ಯ ಮುಗಿದ ನಂತರವೂ ಅವುಗಳನ್ನು ಸರಿಸಲು ಸಾಧ್ಯ. ಚಿಕ್ಕ ಲೇಔಟಿಗೆ 5 ಸೆಂ.ಮೀ. ದಪ್ಪದ ಗಟ್ಟಿ ಫೋಮ್ ಹಲಗೆಗಳನ್ನು ಪೇರಿಸಿ, ಮೇಲಿನಿಂದ ಕೊರೆದು ತಗ್ಗು ಮಾಡುವುದು ಇನ್ನೂ ಸುಲಭ. ಬಿಳಿ ಮಣಿಗಳು ಉದುರುವ ಥರ್ಮೋಕೋಲಿಗಿಂತ ಒತ್ತಾದ, ಬಣ್ಣದ ಫೋಮ್ ಹಲಗೆ ಕೆತ್ತಲು ಚೆನ್ನಾಗಿರುತ್ತದೆ.

ಲೇಔಟಿನ ಅಗಲ ಕೈಗೆ ಎಟುಕುವಂತಿರಬೇಕು. ಅಂಚಿನಿಂದ 75 ಸೆಂ.ಮೀ.ಗಿಂತ ಒಳಗೆ ಹಳಿತಪ್ಪಿದ ರೈಲನ್ನು, ಮುಂದಿನ ಮರಗಳನ್ನು ಮುರಿಯದೆ ಎತ್ತುವುದು ಕಷ್ಟ. ಏರಿನ ಬಗ್ಗೆಯೂ ಎಚ್ಚರ ಬೇಕು. 100ಕ್ಕೆ 2ರ ಏರಿನಲ್ಲಿ, ಒಂದು ಹಳಿ ಇನ್ನೊಂದರ ಮೇಲೆ ಹಾಯಲು ಬೇಕಾಗುವ 8 ಸೆಂ.ಮೀ. ಎತ್ತರ ಗಳಿಸಲು 4 ಮೀಟರ್ ಉದ್ದ ಬೇಕು. ಏರು ತೊಡಗುವಲ್ಲಿ ಮತ್ತು ಮುಗಿಯುವಲ್ಲಿ ಕ್ರಮೇಣ ಬಾಗಿಸಬೇಕಾಗುವುದರಿಂದ ಇನ್ನೂ ಸ್ವಲ್ಪ ಹೆಚ್ಚು.

ಹಳಿ ಹಾಕಿ, ವಿದ್ಯುತ್ ತಂತಿಗಳನ್ನು ಬೆಸೆದು, ಎಲ್ಲ ಎಂಜಿನ್ ಮತ್ತು ಬೋಗಿಗಳನ್ನು ಎರಡೂ ದಿಕ್ಕಿಗೆ ಓಡಿಸಿ, ತೊಡಕಿಲ್ಲವೆಂದು ಖಚಿತವಾದ ಮೇಲೆಯೇ ನೆಲದ ಕೆಲಸ ಆರಂಭಿಸಿ. ಅಂಟು ಮತ್ತು ಜಲ್ಲಿಯಡಿ ಸೇರಿಹೋದ ಹಳಿಯ ದೋಷವನ್ನು ತಿದ್ದುವುದು ಬಹಳ ದುಬಾರಿಯ ಕೆಲಸ. ಇದೇ ಹೊತ್ತಿನಲ್ಲಿ ಹಳಿಯ ಬದಿಗಳಿಗೆ ತುಕ್ಕುಬಣ್ಣ ಹಚ್ಚಿ, ಮೇಲ್ಮೈಯನ್ನು ಒರೆಸಿ ತೆಗೆಯಿರಿ. ಈ ಒಂದು ಚಿಕ್ಕ ಕೆಲಸದಿಂದ ಹಳಿಯ ದಪ್ಪ ಕಣ್ಣಿಗೆ ಕಡಿಮೆಯಾಗುತ್ತದೆ.

ನೆಲದ ಆಕಾರ

ಗುಡ್ಡದ ಒಡಲಿಗೆ 2-3 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಗಳನ್ನು ಅಡ್ಡ ಉದ್ದ ಹೆಣೆದು, ಬಿಸಿ ಅಂಟಿನಿಂದ ಚೌಕಟ್ಟಿಗೆ ಅಂಟಿಸಿ ಬಲೆಯಂತೆ ಮಾಡುವುದು ಹಳೆಯದಾದರೂ ಈಗಲೂ ಒಳ್ಳೆಯ ವಿಧಾನ. ಅದರ ಮೇಲೆ ಪ್ಲಾಸ್ಟರ್ ಲೇಪಿಸಿದ ಬ್ಯಾಂಡೇಜ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಅರ್ಧಕ್ಕೆ ಬರುವಂತೆ ಎರಡು ಪದರ ಹೊದಿಸಬೇಕು. ಒಣಗಿದಾಗ ತೆಳುವಾದ, ಹಗುರವಾದ, ಗಟ್ಟಿಯಾದ ಚಿಪ್ಪು ಸಿಗುತ್ತದೆ. ಫೋಮ್ ಬಳಸುವವರು ಪದರಗಳನ್ನು ಅಂಟಿಸಿ, ಗರಗಸದಂಥ ಚಾಕುವಿನಿಂದ ಇಳಿಜಾರು ಕೆತ್ತಿ, ಬಿರುಕುಗಳನ್ನು ಪ್ಲಾಸ್ಟರಿನಿಂದ ಮುಚ್ಚಬೇಕು. ದ್ರಾವಕವಿರುವ ಅಂಟು ಅಥವಾ ಸ್ಪ್ರೇ ಬಣ್ಣ ಫೋಮನ್ನು ಕರಗಿಸಿಬಿಡುತ್ತದೆ; ನೀರು ಆಧಾರಿತ ಅಂಟು, ಅಕ್ರಿಲಿಕ್ ಬಣ್ಣಗಳನ್ನೇ ಬಳಸಿ. ಬಿಸಿ ತಂತಿಯಿಂದ ಫೋಮ್ ಕತ್ತರಿಸುವುದಾದರೆ ಕಿಟಕಿ ಬಾಗಿಲು ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ.

ಆಕಾರ ಕೊಡುವಾಗ ನೀರಿನಿಂದ ತೊಡಗುವುದು ನನ್ನ ಬಲವಾದ ಸಲಹೆ. ಹೊಳೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಗೆರೆ ಎಳೆದು ನಿರ್ಧರಿಸಿದರೆ, ಕಣಿವೆ ಎಲ್ಲಿರಬೇಕು, ಸೇತುವೆ ಎಲ್ಲಿ ಬೇಕು, ಹಳ್ಳಿಗೆ ಎತ್ತರದ ಜಾಗ ಯಾವುದು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತ ಬರುತ್ತದೆ. ಹೊಳೆ ತಿರುಗುವಲ್ಲಿ ಹೊರದಂಡೆ ಕೊರೆದು ಕಡಿದಾಗಿರುತ್ತದೆ, ಒಳದಂಡೆಯಲ್ಲಿ ಮರಳು ಸೇರಿ ಇಳಿಜಾರಾಗಿರುತ್ತದೆ. ಹಳಿಯನ್ನು ಹೊತ್ತ ಮಣ್ಣಿನ ದಿಬ್ಬದ ಬದಿಗಳಿಗೆ ಸಡಿಲ ಮಣ್ಣು ನಿಲ್ಲುವಷ್ಟೇ ಇಳಿಜಾರು ಕೊಡಿ, ಅಂದರೆ ಒಂದು ಅಳತೆ ಎತ್ತರಕ್ಕೆ ಒಂದೂವರೆಯಿಂದ ಎರಡು ಅಳತೆ ಅಗಲ. ಜಾಗ ಸಾಲದೆ ಅದಕ್ಕಿಂತ ಕಡಿದಾಗಿ ಮಾಡಬೇಕಾದರೆ ಅಲ್ಲಿ ಕಲ್ಲಿನ ತಡೆಗೋಡೆಯನ್ನೋ ಬಂಡೆಯನ್ನೋ ತೋರಿಸಬೇಕು. ಹಸಿರು ಹುಲ್ಲು ಹೊದ್ದು ಗೋಡೆಯಂತೆ ನೆಟ್ಟಗೆ ನಿಂತ ಮಣ್ಣು ಯಾರನ್ನೂ ನಂಬಿಸದು. ಸುರಂಗಕ್ಕೂ ಇದೇ ಮಾತು. ಬೋಗಿಗಿಂತ ಎರಡು ಪಟ್ಟು ಎತ್ತರವಿಲ್ಲದ ದಿಬ್ಬದಲ್ಲಿ ಯಾರೂ ಸುರಂಗ ಕೊರೆಯುವುದಿಲ್ಲ, ಕಡಿದು ದಾರಿ ಮಾಡುತ್ತಾರೆ. ಸುರಂಗದ ಬಾಯಿಯನ್ನು ಅಂಟಿಸುವ ಮೊದಲು ಅತ್ಯಂತ ಉದ್ದದ ಬೋಗಿಯನ್ನು ತಳ್ಳಿ ನೋಡಿ, ಏಕೆಂದರೆ ತಿರುವಿನಲ್ಲಿ ಅದರ ನಡುಭಾಗ ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ. ಒಳಗೆ ನಿಂತುಹೋದ ರೈಲನ್ನು ತೆಗೆಯಲು ಹಿಂದಿನಿಂದಲೋ ಕೆಳಗಿನಿಂದಲೋ ಕೈ ಹೋಗುವ ದಾರಿ ಇರಲೇಬೇಕು.

ಬಂಡೆಗಳಿಗೆ ರಬ್ಬರ್ ಅಚ್ಚಿನಲ್ಲಿ ಪ್ಲಾಸ್ಟರ್ ಎರೆಯುವುದು ವಾಡಿಕೆ. ನೀರಿಗೆ ಪ್ಲಾಸ್ಟರ್ ಪುಡಿಯನ್ನು ಹಾಕಬೇಕೇ ಹೊರತು ಪುಡಿಗೆ ನೀರನ್ನಲ್ಲ. ಒಂದು ಅಳತೆ ನೀರಿಗೆ ಸುಮಾರು ಎರಡು ಅಳತೆ ಪುಡಿ ಸರಿಹೋಗುತ್ತದೆ. ಪ್ಲಾಸ್ಟರ್ ಅರೆಗಟ್ಟಿಯಾದಾಗ, ತೇವ ಮಾಡಿದ ಗುಡ್ಡದ ಮೈಗೆ ಅಚ್ಚನ್ನೇ ಒತ್ತಿ ಹಿಡಿದರೆ ಬಂಡೆ ಅಲ್ಲಿಯ ಬಾಗಿಗೆ ತಕ್ಕಂತೆ ಕೂರುತ್ತದೆ. ಅಕ್ಕಪಕ್ಕದ ಬಂಡೆಗಳ ಪದರಗಳು ಒಂದೇ ದಿಕ್ಕಿಗೆ ಓರೆಯಾಗಿರಲಿ. ಬಣ್ಣ ಹಚ್ಚುವಾಗ ಬಹಳ ನೀರು ಬೆರೆಸಿದ ಕಾವಿ, ಕಂದು, ಬೂದು ಬಣ್ಣಗಳನ್ನು ಅಲ್ಲಲ್ಲಿ ಚುಕ್ಕೆಯಾಗಿ ಒತ್ತಿ, ಕೊನೆಗೆ ತೆಳು ಕಪ್ಪನ್ನು ಇಡೀ ಬಂಡೆಯ ಮೇಲೆ ಹರಿಯಬಿಟ್ಟರೆ ಬಿರುಕುಗಳೆಲ್ಲ ತಾವೇ ಎದ್ದು ಕಾಣುತ್ತವೆ. ಒಣಗಿದ ಮೇಲೆ, ಬಹುತೇಕ ಒರೆಸಿ ತೆಗೆದ ಕುಂಚದಲ್ಲಿ ಉಳಿದ ತಿಳಿಬಣ್ಣವನ್ನು ಉಬ್ಬುಗಳಿಗೆ ಸವರಿ.

ಜಲ್ಲಿ, ಮಣ್ಣು, ಹುಲ್ಲು

ಹಳಿಯ ಜಲ್ಲಿಯ ಕಲ್ಲು ನಿಜದಲ್ಲಿ ಸುಮಾರು 50 ಮಿ.ಮೀ. ಇರುತ್ತದೆ, ಎಚ್‌ಒಗೆ ಅದು 0.6 ಮಿ.ಮೀ. ಅಂದರೆ ಸಣ್ಣ ಮರಳಿನ ಕಣದಷ್ಟು. ಜಲ್ಲಿಯನ್ನು ಚಮಚದಿಂದ ಸುರಿದು, ಮೆತ್ತನೆಯ ಕುಂಚದಿಂದ ಸ್ಲೀಪರುಗಳ (ಹಳಿಯಡಿಯ ಅಡ್ಡದಿಮ್ಮಿಗಳ) ಮೇಲಿನ ಕಣಗಳನ್ನೆಲ್ಲ ನಡುವಿನ ಸಂದುಗಳಿಗೆ ಸರಿಸಿ. ಇಲ್ಲಿ ಅವಸರ ಬೇಡ, ಒಣ ಸ್ಥಿತಿಯಲ್ಲಿ ಹೇಗೆ ಕಾಣುತ್ತದೆಯೋ ಅಂಟಿದ ಮೇಲೂ ಹಾಗೆಯೇ ಕಾಣುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನೋ, ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಬೆರೆಸಿದ ನೀರನ್ನೋ ಮಂಜಿನಂತೆ ಸಿಂಪಡಿಸಿ ಜಲ್ಲಿಯನ್ನು ಚೆನ್ನಾಗಿ ನೆನೆಸಬೇಕು. ಹೀಗೆ ನೆನೆಸದೆ ಅಂಟು ಹಾಕಿದರೆ ಅದು ಮೇಲ್ಮೈಯಲ್ಲೇ ಗುಂಡಾಗಿ ನಿಂತು ಜಲ್ಲಿಯನ್ನು ಗುಳಿಬೀಳಿಸುತ್ತದೆ. ನಂತರ ಮರಗೆಲಸದ ಬಿಳಿ ಅಂಟಿಗೆ ಎರಡರಷ್ಟು ನೀರು ಸೇರಿಸಿ, ಡ್ರಾಪರಿನಿಂದ ಹನಿಹನಿಯಾಗಿ ಬಿಟ್ಟು, ಒಂದು ಇಡೀ ದಿನ ಮುಟ್ಟದೆ ಒಣಗಲು ಬಿಡಿ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳ ಚಲಿಸುವ ಹಳಿಗಳ ಸುತ್ತ ಮಾತ್ರ ಜಲ್ಲಿಯೂ ಅಂಟೂ ಅತಿ ಕಡಿಮೆ ಇರಲಿ, ಒಣಗುವ ಹೊತ್ತಿನಲ್ಲಿ ಆಗಾಗ ಅವುಗಳನ್ನು ಆಚೀಚೆ ಸರಿಸುತ್ತಿರಿ.

ನೆಲಕ್ಕೆ ಮೊದಲು ಮಣ್ಣಿನ ಬಣ್ಣ ಬಳಿಯಬೇಕು, ಬಿಳಿ ಪ್ಲಾಸ್ಟರ್ ಎಲ್ಲೂ ಇಣುಕಬಾರದು. ಅದರ ಮೇಲೆ ಒಣಗಿಸಿ ಸಣ್ಣ ಜರಡಿ ಹಿಡಿದ ನಿಜವಾದ ಮಣ್ಣಿಗಿಂತ ಒಳ್ಳೆಯ ವಸ್ತು ಯಾವ ಪೊಟ್ಟಣದಲ್ಲೂ ಸಿಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಬಳಸುವ ಮೊದಲು ಅದರಲ್ಲಿ ಅಯಸ್ಕಾಂತ ಆಡಿಸಿ ಕಬ್ಬಿಣದ ಕಣಗಳನ್ನು ತೆಗೆಯಬೇಕು. ಇಲ್ಲವಾದರೆ ಎಂಜಿನ್ನಿನ ಮೋಟಾರಿನಲ್ಲಿರುವ ಅಯಸ್ಕಾಂತ ಅವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ.

ಹುಲ್ಲಿಗೆ ಈಗ ಸ್ಟ್ಯಾಟಿಕ್ ಗ್ರಾಸ್ ಎಂಬ ನೈಲಾನ್ ಎಳೆಗಳು ಎಲ್ಲೆಡೆ ಬಳಕೆಯಲ್ಲಿವೆ. ನೆಲಕ್ಕೆ ಅಂಟು ಬಳಿದು, ಎಳೆಗಳಿಗೆ ವಿದ್ಯುದಾವೇಶ ಕೊಡುವ, ಜಾಲರಿಯಿರುವ ಕೈ ಉಪಕರಣದ ತಂತಿಯ ಕ್ಲಿಪ್ಪನ್ನು ಅಂಟಿನೊಳಗೆ ಚುಚ್ಚಿದ ಮೊಳೆಗೆ ಸಿಕ್ಕಿಸಿ, ಜಾಲರಿಯನ್ನು ಮೇಲೆ ಅಲುಗಾಡಿಸಿದರೆ, ವಿದ್ಯುದಾವೇಶ ಪಡೆದ ಎಳೆಗಳು ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ಎಚ್‌ಒದಲ್ಲಿ 2 ಮಿ.ಮೀ. ಎಳೆ 17 ಸೆಂ.ಮೀ. ಹುಲ್ಲಿಗೂ 6 ಮಿ.ಮೀ. ಎಳೆ ಅರ್ಧ ಮೀಟರಿನ ಹುಲ್ಲಿಗೂ ಸಮ. ಒಂದೇ ಉದ್ದ, ಒಂದೇ ಹಸಿರು ಬಳಸಿದರೆ ನೆಲ ಕಂಬಳಿ ಹಾಸಿದಂತೆ ಕಾಣುತ್ತದೆ. ಆದ್ದರಿಂದ ಒಣಹುಲ್ಲಿನ ಬಣ್ಣ, ಮಾಸಿದ ಹಸಿರು, ಸ್ವಲ್ಪವೇ ಎಳೆಹಸಿರು ಬೆರೆಸಿ, ಕಾಲುದಾರಿಯ ಬದಿ ಗಿಡ್ಡ, ಬೇಲಿಯ ಬುಡದಲ್ಲಿ ಉದ್ದ ಎಂದು ಜಾಗ ನೋಡಿ ಹಾಕಬೇಕು.

ಮರಗಳು ಮತ್ತು ನೀರು

ತೆಳು ತಂತಿಯ ಹದಿನೈದು ಇಪ್ಪತ್ತು ಎಳೆಗಳನ್ನು ಒಟ್ಟಿಗೆ ಹುರಿಮಾಡಿ ಕಾಂಡವನ್ನಾಗಿಸಿ, ಮೇಲೆ ಹೋದಂತೆ ಎರಡು ಮೂರು ಎಳೆಗಳನ್ನು ಬೇರ್ಪಡಿಸುತ್ತ ಕೊಂಬೆ ಮಾಡಿ, ಅಂಟು ಬೆರೆಸಿದ ಪ್ಲಾಸ್ಟರ್ ಹಚ್ಚಿದರೆ ತೊಗಟೆಯಾಗುತ್ತದೆ. ಕಾಂಡಕ್ಕೆ ಕಂದಿಗಿಂತ ಬೂದುಬಣ್ಣ ಹೆಚ್ಚು ಸಹಜ. ಇಂಥ ಶ್ರಮದ ಮರಗಳು ಅಂಚಿನ ಹತ್ತಿರ ಕೆಲವಿದ್ದರೆ ಸಾಕು. ಹಿಂದಿನ ಕಾಡಿಗೆ ಹಸಿರು ಪುಡಿ ಅಂಟಿಸಿದ ನಾರಿನ ಉಂಡೆಗಳೇ ಸಾಲುತ್ತವೆ, ಅಲ್ಲಿ ಕಾಣುವುದು ಮರಗಳ ತಲೆ ಮಾತ್ರ.

ನೀರಿನ ಆಳ, ನೀರನ್ನು ತೋರಿಸಲು ಎರೆಯುವ ಪಾರದರ್ಶಕ ರಾಳದಿಂದ ಬರುವುದಿಲ್ಲ, ಅದರಡಿಯ ಬಣ್ಣದಿಂದ ಬರುತ್ತದೆ. ಹೊಳೆಯ ನಡುವೆ ಗಾಢ ಹಸಿರು-ಕಂದು, ದಡದತ್ತ ಬರಬರುತ್ತ ಮಣ್ಣಿನ ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ರಾಳವನ್ನು 3 ಮಿ.ಮೀ.ಗಿಂತ ದಪ್ಪವಾಗದಂತೆ ಪದರಪದರವಾಗಿ ಎರೆಯಿರಿ. ರಾಳ ಸೂಜಿಮೊನೆಯಷ್ಟು ತೂತಿನಿಂದಲೂ ಸೋರುತ್ತದೆ. ಹೊಳೆಯ ತಳ ಮತ್ತು ಅಂಚುಗಳನ್ನು ಮೊದಲೇ ಅಂಟಿನಿಂದ ಮುಚ್ಚಿ, ತಳ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಕೈಗವಸು ಹಾಕಿಕೊಳ್ಳಿ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಿ, ಗಟ್ಟಿಯಾಗುವವರೆಗೆ ಧೂಳು ಬೀಳದಂತೆ ಮುಚ್ಚಿಡಿ. ಅಲೆಗಳಿಗೆ ಹೊಳಪಿನ ಅಕ್ರಿಲಿಕ್ ಜೆಲ್ಲನ್ನು ಕುಂಚದಿಂದ ಒತ್ತಿ ಎಬ್ಬಿಸಬಹುದು.

ಹಿನ್ನೆಲೆ ಮತ್ತು ಬೆಳಕು

ಹಿಂದಿನ ಗೋಡೆಯ ಆಕಾಶ ಮೇಲೆ ನೀಲಿಯಾಗಿ, ದಿಗಂತದತ್ತ ಇಳಿದಂತೆ ಬಿಳಿಚಿಕೊಳ್ಳಬೇಕು. ಮೂಲೆಗಳನ್ನು ಬಾಗಿದ ಹಾಳೆಯಿಂದ ದುಂಡಗೆ ಮಾಡದಿದ್ದರೆ ನೆರಳಿನ ಗೆರೆ ಆಕಾಶವನ್ನು ಸೀಳುತ್ತದೆ. ದೂರದ ಬೆಟ್ಟಗಳಿಗೆ ಮುಂದಿನ ನೆಲದ ಬಣ್ಣಕ್ಕೇ ಬಿಳಿ ಮತ್ತು ನೀಲಿ ಸೇರಿಸಿ ಬಳಸಿ. ಗೋಡೆಗೆ ನೇರವಾಗಿ ಓಡಿ ಕೊನೆಗೊಳ್ಳುವ ರಸ್ತೆಗಿಂತ ದೊಡ್ಡ ಸುಳ್ಳಿಲ್ಲ. ಅದನ್ನು ಬಾಗಿಸಿ ಮನೆ ಅಥವಾ ಮರದ ಹಿಂದೆ ಮರೆಯಾಗಿಸಿ. ಬ್ರಿಟನ್ನಿನಲ್ಲಿ ರಾಯ್ ಇಂಗ್ಲೆಂಡ್ 1954ರಲ್ಲಿ ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯದ ಮಾದರಿ ಗ್ರಾಮೀಣ ದೃಶ್ಯದಲ್ಲಿ ರೈಲು ಊರಿನ ಒಂದು ಭಾಗ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಮಾದರಿ ರೈಲು ಹವ್ಯಾಸಿ ಜಾನ್ ಅಲೆನ್ ತಮ್ಮ ಲೇಔಟಿನ ಕಮರಿಗಳನ್ನು ಕೋಣೆಯ ನೆಲದವರೆಗೂ ಇಳಿಸಿದ್ದರು. ಎರಡರಲ್ಲೂ ಕಣ್ಣು ಮೊದಲು ಹೋಗುವುದು ಭೂಮಿಯ ಕಡೆಗೆ.

ಬಣ್ಣಗಳನ್ನೆಲ್ಲ ಲೇಔಟಿನ ದೀಪಗಳ ಕೆಳಗೇ ಬೆರೆಸಿ, ಹಚ್ಚಿ. ಹಗಲಿನಲ್ಲಿ ಸರಿಯೆನಿಸಿದ ಹಸಿರು ಹಳದಿ ದೀಪದಡಿ ಬೇರೆಯೇ ಆಗುತ್ತದೆ. ಪ್ರತಿ ಭಾಗ ಮುಗಿದಾಗಲೂ ಸಡಿಲ ಎಳೆ, ಕಣಗಳನ್ನು ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳುಬಟ್ಟೆ ಕಟ್ಟಿ ಹೀರಿ ತೆಗೆದು, ಹಳಿಯ ಮೇಲ್ಮೈಯನ್ನು ಆಲ್ಕೊಹಾಲಿನಿಂದ ಒರೆಸಿ, ಅತಿ ನಿಧಾನದ ವೇಗದಲ್ಲಿ ರೈಲು ಓಡಿಸಿ ನೋಡಿ. ಎಂಜಿನ್ ಎಲ್ಲಾದರೂ ತಡವರಿಸಿದರೆ ಅಲ್ಲಿ ಅಂಟು ಉಳಿದಿದೆ ಎಂದರ್ಥ. ಅದನ್ನು ತೆಗೆದ ಬಳಿಕ ಪಕ್ಕದ ಭಾಗಕ್ಕೆ ರಟ್ಟಿನ ಪಟ್ಟಿಗಳನ್ನು ಕತ್ತರಿಸಲು ತೊಡಗಬಹುದು.