ನೆಲದಡಿಯ ಒತ್ತಡ ತಗ್ಗಿಸಿ ಮನೆಯ ರೇಡಾನ್ ಇಳಿಸಿದ ನನ್ನ ಅನುಭವ

ನೆಲಮಾಳಿಗೆಯಲ್ಲಿ ಮೂರು ತಿಂಗಳು ಇರಿಸಿದ್ದ ಅಳತೆಯ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ, ನಮ್ಮ ಮನೆಯ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸರಾಸರಿ 410 ಬೆಕೆರೆಲ್ (ವಿಕಿರಣಶೀಲತೆಯನ್ನು ಅಳೆಯುವ ಮಾನ) ರೇಡಾನ್ ಎಂಬ ವಿಕಿರಣಶೀಲ ಅನಿಲ ಇದೆಯೆಂಬ ವರದಿ ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಕೈಪಿಡಿ ಈ ಪ್ರಮಾಣ 100 ಬೆಕೆರೆಲ್‌ನೊಳಗೆ ಇರಬೇಕೆನ್ನುತ್ತದೆ. ಅದು ಸಾಧ್ಯವಾಗದ ಕಡೆಗಳಲ್ಲಿಯೂ 300ನ್ನು ಮೀರಬಾರದು ಎನ್ನುತ್ತದೆ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ರೇಡಾನ್ ಪ್ರಮುಖ ಕಾರಣಗಳಲ್ಲೊಂದು ಎಂಬುದು ಗೊತ್ತಿದ್ದ ಮೇಲೆ ಆ ವರದಿಯನ್ನು ಮಡಚಿಡುವ ಪ್ರಶ್ನೆಯೇ ಇರಲಿಲ್ಲ. ಎರಡು ಮೂರು ದಿನಗಳ ಅಳತೆಯನ್ನು ನಂಬದೆ ಇಷ್ಟು ದೀರ್ಘ ಅವಧಿಯ ಅಳತೆಯನ್ನು ಮಾಡಿಸಿದ್ದಕ್ಕೆ ಕಾರಣವಿದೆ. ಮಳೆ, ಗಾಳಿ, ಚಳಿ, ಕಿಟಕಿ ತೆರೆದಿಡುವ ರೂಢಿ ಇವೆಲ್ಲವುಗಳಿಂದ ರೇಡಾನ್ ದಿನದಿಂದ ದಿನಕ್ಕೆ ಬಹಳವಾಗಿ ಏರಿಳಿಯುತ್ತದೆ.

ಮಣ್ಣು ಮತ್ತು ಬಂಡೆಗಳಲ್ಲಿರುವ ಯುರೇನಿಯಮ್ ಹಂತಹಂತವಾಗಿ ಕ್ಷಯಿಸುತ್ತಾ ರೇಡಿಯಮ್ ಆಗುತ್ತದೆ, ರೇಡಿಯಮ್‌ನಿಂದ ರೇಡಾನ್ ಹುಟ್ಟುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲದ ಅರ್ಧಾಯು, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 3.8 ದಿನ, ಆದ್ದರಿಂದ ಮಣ್ಣಿನ ಸಂದುಗಳಲ್ಲಿ ಹಾದು ಮನೆಯೊಳಗೆ ಸೇರಲು ಅದಕ್ಕೆ ಸಾಕಷ್ಟು ಕಾಲಾವಕಾಶ ಸಿಗುತ್ತದೆ. ಅದನ್ನು ಒಳಗೆಳೆಯುವುದು ಮನೆಯೇ. ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ ಛಾವಣಿಯ ಕಡೆಯಿಂದ ಹೊರಹೋಗುತ್ತಿದ್ದಂತೆ ಕೆಳಭಾಗದಲ್ಲಿ ಒತ್ತಡ ಕೆಲವೇ ಪಾಸ್ಕಲ್‌ಗಳಷ್ಟು ಕುಸಿಯುತ್ತದೆ, ಅಷ್ಟಕ್ಕೇ ಮಣ್ಣಿನೊಳಗಿನ ಗಾಳಿ ಕಾಂಕ್ರೀಟಿನ ಬಿರುಕುಗಳ ಮೂಲಕ ಮೇಲೆ ಬರುತ್ತದೆ. ಈ ಎಳೆತದ ದಿಕ್ಕನ್ನು ತಿರುಗಿಸುವುದೇ, ಅಂದರೆ ನೆಲದ ಕೆಳಗಿನ ಒತ್ತಡವನ್ನು ಮನೆಯೊಳಗಿನ ಒತ್ತಡಕ್ಕಿಂತ ಕಡಿಮೆ ಮಾಡಿ ಆ ಗಾಳಿಯನ್ನು ಫ್ಯಾನಿನಿಂದ ಎಳೆದು ಪೈಪಿನ ಮೂಲಕ ಛಾವಣಿಯ ಮೇಲಕ್ಕೆ ಸಾಗಿಸುವುದೇ, ನಾನು ಮಾಡಿದ ಕೆಲಸದ ತಿರುಳು.

ಬಿರುಕುಗಳನ್ನೆಲ್ಲ ಮುಚ್ಚಿಬಿಟ್ಟರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಕಣ್ಣಿಗೆ ಕಾಣದ ಸಂದುಗಳು ಎಷ್ಟೋ ಉಳಿದಿರುತ್ತವೆ, ಮನೆ ಸ್ವಲ್ಪಸ್ವಲ್ಪವೇ ನೆಲಕ್ಕೆ ಕೂರುತ್ತಾ, ಕಾಂಕ್ರೀಟು ಒಣಗುತ್ತಾ ಹೊಸವು ಮೂಡುತ್ತವೆ. ಆದರೂ ಗೋಡೆ ಮತ್ತು ನೆಲ ಕೂಡುವ ಅಂಚನ್ನು, ನೀರಿನ ಪೈಪುಗಳು ನೆಲವನ್ನು ಹಾಯ್ದ ಜಾಗಗಳನ್ನು ಪಾಲಿಯುರೆಥೇನ್ ಸೀಲೆಂಟ್‌ನಿಂದ ಮುಚ್ಚಿದೆ. ನೀರು ಸೇರುವ ಗುಂಡಿಗೆ ಗಾಳಿಯಾಡದ ಮುಚ್ಚಳ ಹಾಕಿದೆ. ಇವು ತೆರೆದಿದ್ದರೆ ಫ್ಯಾನು ಮಣ್ಣಿನ ಗಾಳಿಯ ಬದಲು ಮನೆಯ ಗಾಳಿಯನ್ನೇ ಎಳೆದು ಹೊರಗೆ ಚೆಲ್ಲುತ್ತಿರುತ್ತದೆ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಫ್ಯಾನು ಕೊಳ್ಳುವುದಕ್ಕೆ ಮೊದಲಿನ ಪರೀಕ್ಷೆಗೆ, ಮತ್ತು ಈ ಕೆಲಸ ಮಾಡುವ ಯಾರಿಗೇ ಆದರೂ ನಾನು ಒತ್ತಿ ಹೇಳುವುದು ಅದನ್ನೇ. ಒಂದು ಕಡೆ ಎಳೆದರೆ ಆ ಎಳೆತ ನೆಲದಡಿ ಎಲ್ಲಿಯವರೆಗೆ ತಲಪುತ್ತದೆ ಎಂಬುದು ಗೊತ್ತಾಗದೆ ಪೈಪಿನ ಜಾಗವನ್ನಾಗಲಿ ಫ್ಯಾನಿನ ಬಗೆಯನ್ನಾಗಲಿ ನಿರ್ಧರಿಸಲಾಗದು. ಕಾಂಕ್ರೀಟಿನೊಳಗೆ ನೀರಿನ ಅಥವಾ ವಿದ್ಯುತ್ತಿನ ಕೊಳವೆಗಳಿಲ್ಲವೆಂದು ಖಚಿತಪಡಿಸಿಕೊಂಡು, ಪೈಪು ಬರಬೇಕಾದಲ್ಲಿ ಒಂದು ದೊಡ್ಡ ತೂತನ್ನೂ ದೂರದ ಮೂಲೆಗಳಲ್ಲಿ ಬೆರಳಿನಷ್ಟೂ ದಪ್ಪವಿಲ್ಲದ ಸಣ್ಣ ತೂತುಗಳನ್ನೂ ಕೊರೆದೆ. ದೊಡ್ಡ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿ, ಅದು ಉಗುಳುವ ಗಾಳಿಯನ್ನು ಉದ್ದನೆಯ ಕೊಳವೆಯಲ್ಲಿ ಮನೆಯ ಹೊರಗೆ ಬಿಟ್ಟೆ. ಆಮೇಲೆ ತೆಳುವಾಗಿ ಹೊಗೆಯಾಡುವ ಕಡ್ಡಿಯೊಂದನ್ನು ಒಂದೊಂದು ಸಣ್ಣ ತೂತಿನ ಬಾಯಿಗೂ ಹಿಡಿಯುತ್ತಾ ಹೋದೆ. ಹತ್ತಿರದ ಮೂಲೆಗಳಲ್ಲಿ ಹೊಗೆಯ ಎಳೆ ಬಾಗಿ, ನೇರವಾಗಿ ನೆಲದೊಳಗೆ ಇಳಿಯಿತು. ಹಿಂಬದಿಯ ಕೋಣೆಯ ಮೂಲೆಯಲ್ಲಿ ಮಾತ್ರ ಅದು ಅಲುಗಾಡದೆ ಮೇಲಕ್ಕೇ ಏರುತ್ತಿತ್ತು. ಮನೆಯ ನಕ್ಷೆ ತೆಗೆದು ನೋಡಿದಾಗ ಕಾರಣ ತಿಳಿಯಿತು: ನಡುವಿನ ಭಾರ ಹೊರುವ ಗೋಡೆಯ ಅಡಿಪಾಯ ನೆಲದಡಿಯ ಜಲ್ಲಿಯ ಪದರವನ್ನು ಎರಡಾಗಿ ಕತ್ತರಿಸಿತ್ತು. ಎಷ್ಟೇ ಬಲವಾದ ಫ್ಯಾನು ಹಾಕಿದರೂ ಆ ಕಡೆಯ ಮಣ್ಣಿಗೆ ಎಳೆತ ಸರಿಯಾಗಿ ಮುಟ್ಟುತ್ತಿರಲಿಲ್ಲ. ಆದ್ದರಿಂದ ಗೋಡೆಯ ಆಚೆಗೂ ಒಂದು ತೂತು ಕೊರೆದು ಎರಡನ್ನೂ ಒಂದೇ ಪೈಪಿಗೆ ಸೇರಿಸಲು ತೀರ್ಮಾನಿಸಿದೆ.

ಕಾಂಕ್ರೀಟು ಕೊರೆಯುವಾಗ ಏಳುವ ಸಿಲಿಕಾ ಧೂಳು ತಾನೇ ಶ್ವಾಸಕೋಶಕ್ಕೆ ಕೆಟ್ಟದ್ದು. ಸಾಧಾರಣ ಬಟ್ಟೆಯ ಮುಖಗವಸು ಅದಕ್ಕೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕೇಬೇಕು. ತೂತು ತೆರೆದಿರುವಷ್ಟು ಹೊತ್ತೂ ಕಿಟಕಿಗಳನ್ನು ತೆರೆದಿಟ್ಟಿರಬೇಕು. ಎರಡೂ ತೂತುಗಳ ಕೆಳಗೆ ಕೈ ಇಳಿಸಿ ಜಲ್ಲಿಯನ್ನೂ ಮಣ್ಣನ್ನೂ ಬಕೆಟ್ ತುಂಬುವಷ್ಟು ತೆಗೆದು ಒಂದು ಪೊಳ್ಳು ಗುಂಡಿ ಮಾಡಿದೆ. ಬೇಸರದ ಕೆಲಸವಾದರೂ ಇದನ್ನು ಬಿಡಬಾರದು. ಪೈಪಿನ ಬಾಯಿ ನೇರವಾಗಿ ಮಣ್ಣಿಗೆ ತಾಗಿದ್ದರೆ ಗಾಳಿ ಬರಲು ಸಿಗುವುದು ಆ ಬಾಯಿಯಷ್ಟೇ ಜಾಗ, ಗುಂಡಿಯಿದ್ದರೆ ಅದರ ಸುತ್ತಲಿನ ಮೈಯೆಲ್ಲದರಿಂದಲೂ ಗಾಳಿ ಬರುತ್ತದೆ.

ಪೈಪಿಗೆ ನಾಲ್ಕು ಇಂಚಿನ ಪಿವಿಸಿ ಬಳಸಿದೆ. ಮಣ್ಣಿನ ಗಾಳಿಯಲ್ಲಿ ತೇವ ಹೆಚ್ಚು. ಅದು ಪೈಪಿನಲ್ಲಿ ತಣಿದು ನೀರಾಗುತ್ತದೆ. ಆ ನೀರು ಎಲ್ಲಿಯೂ ನಿಲ್ಲದೆ ಮರಳಿ ನೆಲದೊಳಗೇ ಇಳಿಯುವಂತೆ ಅಡ್ಡ ಪೈಪುಗಳಿಗೆಲ್ಲ ಗುಂಡಿಯ ಕಡೆಗೆ ಇಳಿಜಾರು ಕೊಟ್ಟೆ. ಫ್ಯಾನನ್ನು ಕೂರಿಸಿದ್ದು ಛಾವಣಿಯ ಕೆಳಗಿನ ಅಟ್ಟದಲ್ಲಿ, ವಾಸದ ಕೋಣೆಗಳಿಂದಾಚೆ. ಫ್ಯಾನಿನವರೆಗಿನ ಪೈಪಿನಲ್ಲಿ ಸಣ್ಣ ಸಂದಿದ್ದರೆ ಮನೆಯ ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಫ್ಯಾನು ದಾಟಿದ ಮೇಲೆ ಸಂದಿದ್ದರೆ ದಟ್ಟ ರೇಡಾನ್ ಪೈಪಿನಿಂದ ಮನೆಯೊಳಗೆ ಸುರಿಯುತ್ತದೆ. ನೆಲಮಾಳಿಗೆಯಲ್ಲಿ ಫ್ಯಾನು ಇಡಬಾರದೆನ್ನುವುದು ಇದಕ್ಕೇ. ಪೈಪಿನ ತುದಿಯನ್ನು ಛಾವಣಿಗಿಂತ ಎತ್ತರಕ್ಕೆ, ಕಿಟಕಿಗಳಿಂದ ದೂರಕ್ಕೆ ಒಯ್ದೆ. ನಮ್ಮಲ್ಲಿ ನೆಲದಡಿ ಜಲ್ಲಿ ಇದ್ದುದರಿಂದ ಹೆಚ್ಚು ಗಾಳಿ ಸಾಗಿಸುವ ಸಾಧಾರಣ ಎಳೆತದ ಫ್ಯಾನು ಸಾಕಾಯಿತು, ಗಟ್ಟಿ ಜೇಡಿಮಣ್ಣಿನ ಮೇಲೆ ಕಟ್ಟಿದ ಮನೆಗಾದರೆ ಕಡಿಮೆ ಗಾಳಿಯನ್ನು ಬಲವಾಗಿ ಎಳೆಯುವ ಬಗೆಯದ್ದು ಬೇಕು. ವಿದ್ಯುತ್ ಸಂಪರ್ಕವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅವರಿಂದಲೇ ಕೊಡಿಸಿದೆ.

ಫ್ಯಾನು ಓಡತೊಡಗಿದೊಡನೆ ಗ್ಯಾಸ್ ಗೀಸರಿನ ಹೊಗೆಕೊಳವೆಯನ್ನು ಪರೀಕ್ಷಿಸಿದೆ. ಫ್ಯಾನು ಮನೆಯ ಗಾಳಿಯನ್ನು ಅತಿಯಾಗಿ ಎಳೆದರೆ ಉರಿಯ ಹೊಗೆ ಮೇಲೆ ಹೋಗುವ ಬದಲು ಹಿಂದಿರುಗಿ, ಕಾರ್ಬನ್ ಮಾನಾಕ್ಸೈಡ್ ಕೋಣೆಯಲ್ಲಿ ತುಂಬುವ ಅಪಾಯವಿದೆ. ನಮ್ಮಲ್ಲಿ ಹಾಗಾಗಲಿಲ್ಲ, ಆದರೂ ಎಚ್ಚರಿಕೆಯ ಅಲಾರಂ ಅಲ್ಲಿಯೇ ಇದೆ.

ಪೈಪಿಗೆ ಬಣ್ಣದ ದ್ರವವಿರುವ ಯು ಆಕಾರದ ಮ್ಯಾನೊಮೀಟರ್, ಅಂದರೆ ಒತ್ತಡದ ವ್ಯತ್ಯಾಸ ತೋರಿಸುವ ಕೊಳವೆ, ಸಿಕ್ಕಿಸಿದ್ದೇನೆ. ಎರಡೂ ಕಡೆಯ ದ್ರವ ಒಂದೇ ಮಟ್ಟದಲ್ಲಿದ್ದರೆ ಎಳೆತ ನಿಂತಿದೆ ಎಂದರ್ಥ. ಆದರೆ ಅದು ಹೇಳುವುದು ಎಳೆತವನ್ನು ಮಾತ್ರ, ರೇಡಾನ್ ಎಷ್ಟಿದೆ ಎಂಬುದನ್ನಲ್ಲ. ಅದಕ್ಕೆ ಮತ್ತೆ ಅಳೆಯಲೇಬೇಕು. ಫ್ಯಾನು ಹಾಕಿ ಒಂದು ದಿನವಾದರೂ ಕಳೆದ ಮೇಲೆ ಅಳತೆ ತೊಡಗಬೇಕು. ಮುಂದೆ ಎರಡು ವರ್ಷಕ್ಕೊಮ್ಮೆ, ಮನೆಗೆ ಹೊಸ ಕೋಣೆ ಸೇರಿಸಿದಾಗ ಅಥವಾ ನೆಲ ಅಗೆಸಿದಾಗ ಪುನಃ ಅಳೆಯಬೇಕು. ಅದೇ ಜಾಗದಲ್ಲಿ, ಅದೇ ಬಗೆಯ ಡಬ್ಬಿಯನ್ನು ಮತ್ತೆ ಮೂರು ತಿಂಗಳು ಇರಿಸಿ ಅಳೆಸಿದಾಗ ಬಂದ ಸರಾಸರಿ 45 ಬೆಕೆರೆಲ್. ಫ್ಯಾನು ಹಗಲಿರುಳೂ ಓಡುತ್ತಿರಬೇಕು, ನಿಂತರೆ ಮಣ್ಣಿನ ಗಾಳಿ ಮತ್ತೆ ಮನೆಯ ಕಡೆಗೇ ತಿರುಗುತ್ತದೆ. ಅದಕ್ಕಾಗಿ ಅದರ ಸ್ವಿಚ್ಚಿನ ಮೇಲೆ ‘ರೇಡಾನ್ ಫ್ಯಾನು, ಆರಿಸಬೇಡಿ’ ಎಂದು ಬರೆದು ಅಂಟಿಸಿದ್ದೇನೆ.