ಕರಾವಳಿಯ ಜೌಗುಧಾಮದಲ್ಲಿ ಹಕ್ಕಿಗಳನ್ನು ನೋಡುವ ಕ್ರಮ

ಕರಾವಳಿಯ ಜೌಗುಧಾಮಕ್ಕೆ ಹೊರಡುವ ಮುನ್ನ ಗಡಿಯಾರಕ್ಕಿಂತ ಮೊದಲು ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಬೇಕು. ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ನಿನ್ನೆ ಹಕ್ಕಿಗಳು ಕಂಡ ಹೊತ್ತಿಗೆ ಇಂದು ಹೋದರೆ ನೀರು ಇನ್ನೂ ದೂರದಲ್ಲೇ ಇರುತ್ತದೆ. ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮೊದಲೇ ತಲುಪಿ, ಸೂರ್ಯನಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಕೆಸರುಬಯಲನ್ನು ನೀರು ಆವರಿಸಿದಂತೆ, ಅಲ್ಲಿ ಚದುರಿ ಮೇಯುತ್ತಿದ್ದ ಹಕ್ಕಿಗಳು ತಾವಾಗಿಯೇ ದಡದತ್ತ ಸರಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರದ ದಿನಗಳು ನನ್ನ ಮಟ್ಟಿಗೆ ಅತ್ಯುತ್ತಮ.

ಬಣ್ಣಕ್ಕಿಂತ ಮೊದಲು ಕೊಕ್ಕನ್ನು ಗಮನಿಸಿ. ಉದ್ದನೆಯ ಬಾಗಿದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳದಲ್ಲಿರುವ ಹುಳು, ಏಡಿಗಳನ್ನು ಹೊರಗೆಳೆಯುತ್ತದೆ. ಗಿಡ್ಡ ಕೊಕ್ಕಿನ ಪ್ಲವರ್ ಓಡಿ, ಥಟ್ಟನೆ ನಿಂತು, ಮೇಲ್ಪದರದಲ್ಲಿ ಕಣ್ಣಿಗೆ ಬಿದ್ದುದನ್ನು ಹೆಕ್ಕುತ್ತದೆ. ಒಂದೇ ಬಯಲು ಇಷ್ಟು ಬಗೆಯ ಹಕ್ಕಿಗಳನ್ನು ಸಾಕುವುದು ಹೀಗೆ.

ಉಬ್ಬರದ ಹೊತ್ತಿನಲ್ಲಿ ವಿಶ್ರಮಿಸುವ ಹಿಂಡಿನ ಹತ್ತಿರಕ್ಕೆ ಹೋಗಲೇಬಾರದು. ಸಾವಿರಾರು ಕಿಲೋಮೀಟರ್ ವಲಸೆಗೆಂದು ಕೂಡಿಟ್ಟ ಕೊಬ್ಬು ಪ್ರತಿ ಬಾರಿ ಬೆದರಿ ಹಾರಿದಾಗಲೂ ಕರಗುತ್ತದೆ. ಹಕ್ಕಿಗಳು ತಲೆಯೆತ್ತಿ ನೋಡತೊಡಗಿದರೆ ಅಲ್ಲೇ ನಿಂತು, ನಿಧಾನವಾಗಿ ಹಿಂದೆ ಸರಿಯಿರಿ.