ಬ್ಯಾಸಿಗ್ಯಾಗ ಜವಾರಿ ತತ್ತಿ ಕೆಡದಂಗ ಇಡೋದು

ತತ್ತಿ ಎಷ್ಟು ದಿನದ್ದು ಅನ್ನೋದಕ್ಕಿಂತ ಎಂಥಾ ಝಳದಾಗ ಎಷ್ಟೊತ್ತು ಬಿದ್ದಿತ್ತು ಅನ್ನೋದು ನಮ್ಮ ಕಲಬುರಗಿ ಕಡೆ ದೊಡ್ಡ ಮಾತು. ಏಪ್ರಿಲ್-ಮೇದಾಗ ಬಿಸಲು 40 ಡಿಗ್ರಿ ದಾಟ್ತದ. ಹುಂಜ ಇರೋ ಮನ್ಯಾಗಾದ್ರ ಕೋಳಿ ಕಾವು ಕೂಡದಿದ್ರೂ ಆ ಝಳಕ್ಕೇ ಒಳಗ ಮರಿ ಬೆಳಿಲಿಕ್ಕೆ ಸುರು ಆಗ್ತದ, ಎರಡು ಮೂರು ದಿನಕ್ಕ ಹಳದಿ ಮ್ಯಾಲ ರಕ್ತದ ಉಂಗುರ ಕಾಣ್ತದ. ತಿನ್ನಾಕಷ್ಟೇ ತತ್ತಿ ಬೇಕಂದ್ರ ಹುಂಜನ್ನ ಬ್ಯಾರೆ ಇಡ್ರಿ. ಹುಂಜ ಇಲ್ಲದಿದ್ರೂ ಕೋಳಿ ತತ್ತಿ ಇಡ್ತದ. ಆದ್ರ ಬ್ಯಾರೆ ಮಾಡಿದ ಮ್ಯಾಲೂ ಎರಡು ಮೂರು ವಾರ ಮರಿಯಾಗೋ ತತ್ತಿ ಬರ್ತಾವ.

ಬ್ಯಾಸಿಗ್ಯಾಗ ಮುಂಜಾನಿ ಹತ್ತರ ಹೊತ್ತಿಗೊಮ್ಮೆ, ಮಧ್ಯಾಹ್ನ ಒಮ್ಮೆ, ಸಂಜಿಕ ಒಮ್ಮೆ ಗೂಡು ನೋಡ್ರಿ. ತೆಗೆದ ಕೂಡ್ಲೇ ತೊಳಿಬ್ಯಾಡ್ರಿ. ಸಿಪ್ಪಿ ಮ್ಯಾಲ ತೆಳ್ಳನ ಪೊರಿ ಇರ್ತದ, ಅದು ಸಣ್ಣ ತೂತು ಮುಚ್ಚಿ ರೋಗಾಣು ತಡಿತದ. ಹಿಕ್ಕಿ ಹತ್ತಿದ್ರ ಒಣಗಿದ ಮ್ಯಾಲ ತೆಂಗಿನ ನಾರಿಲೆ ಹಗೂರ ಉಜ್ಜ್ರಿ. ತೊಳಿಲೇಬೇಕಂದ್ರ ತತ್ತಿಗಿಂತ ಸ್ವಲ್ಪ ಬಿಸಿ ಇರೋ ನೀರೇ ಬೇಕು. ತಣ್ಣೀರಿಗೆ ಒಳಗಿಂದು ಕುಗ್ಗಿ ಹೊರಗಿನ ಹೊಲಸು ನೀರು ಎಳಕೊಂತದ. ತೊಳೆದದ್ದು ಅವತ್ತೇ ತಿಂದುಬಿಡ್ರಿ.

ತಾರೀಖು ಪೆನ್ಸಿಲಿನಿಂದ, ದಪ್ಪ ತುದಿ ಮ್ಯಾಲ ಬರೀರಿ. ಸ್ಕೆಚ್ ಪೆನ್ನಿನ ಮಸಿ ತೂತಿನಾಗ ಇಳಿತದ. ಚೂಪು ತುದಿ ಕೆಳಗ ಮಾಡಿ ಟ್ರೇದಾಗ ಇಟ್ರ ತತ್ತಿ ಒಳಗಿನ ಗಾಳಿ ಮ್ಯಾಲೇ ನಿಂತು ಹಳದಿ ನಡುವ ಇರ್ತದ, ಬರೆದದ್ದೂ ಎತ್ತದನ ಕಾಣ್ತದ. ಹೊಸಾದು ಹಿಂದ, ಹಳೇದು ಮುಂದ. ಫ್ರಿಜ್ಜಿನಾಗ ಬಾಗಿಲಿಗೆ ಇಡಬ್ಯಾಡ್ರಿ, ತೆಗೆದು ಹಾಕಿದಾಗೊಮ್ಮೆ ಬಿಸಿ ತಾಗ್ತದ. ಒಳಗಿನ ತಟ್ಟಿ ಮ್ಯಾಲ ನಾಕು ವಾರ ತಾಳ್ತಾವ. ಒಮ್ಮೆ ಒಳಗ ಇಟ್ಟದ್ದು ಹೊರಗ ತಂದು ಮತ್ತ ಇಟ್ರ ಬೆವರತಾವ, ಆ ತೇವಕ್ಕೇ ಕೆಡ್ತಾವ.

ಫ್ರಿಜ್ ಇಲ್ಲದವರು ಶಹಾಬಾದ ಫರಸಿ ಹಾಸಿದ ಕತ್ತಲ ಕೋಣ್ಯಾಗ, ಹಸಿ ಉಸುಕಿನ ಬುಟ್ಟ್ಯಾಗ ಮಣ್ಣಿನ ಗಡಿಗಿ ಕೂಡಿಸಿ, ಒಳಗ ಒಣ ಹೊಟ್ಟು ಹಾಕಿ ತತ್ತಿ ಇಡ್ರಿ. ಉಸುಕಿಗೆ ದಿನಾ ಎರಡು ಸಲ ನೀರು ಚಿಮುಕಿಸ್ರಿ, ತತ್ತಿಗೆ ಪಸಿ ಹತ್ತಬಾರದು, ಬೂಸು ಬರ್ತದ. ಹಿಂಗ ಇಟ್ರೂ ಬ್ಯಾಸಿಗ್ಯಾಗ ಮೂರು ದಿನ ಮೀರಿಸಬ್ಯಾಡ್ರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಿಮಣಿ ಎಣ್ಣಿ ಹತ್ರ ಇಟ್ರ ಅದರ ವಾಸನಿ ತತ್ತಿಗೆ ಹತ್ತದನ ಬಿಡಂಗಿಲ್ಲ.

ಕಾವು ಕೂಡಿಸೋವಾಗ ಪ್ರತಿ ತತ್ತಿಗೂ ಸುತ್ತ ಒಂದು ಗೆರಿ ಎಳೀರಿ. ಬ್ಯಾರೆ ಕೋಳಿ ಬಂದು ಅಲ್ಲೇ ಇಡ್ತಾವ. ಗೆರಿ ಇಲ್ಲದ್ದನ್ನ ಅವತ್ತೇ ತೆಗೀರಿ, ಇಲ್ಲಂದ್ರ 21 ದಿನಕ್ಕ ಮರಿ ಎದ್ದಾಗ ಅರ್ಧ ಬೆಳೆದವು ಉಳಿತಾವ.

ಗೂಡಿನಾಗ ಸಿಗೋ ತತ್ತಿ ಲೆಕ್ಕ ಒಮ್ಮೆಲೇ ಕಮ್ಮಿ ಆತಂದ್ರ ಕೋಳಿ ಬ್ಯಾರೆ ಕಡೆ ಇಡ್ತಿರಬಹುದು, ಕಣಿಕಿ ಬಣವಿ ಸಂದಿ ಹುಡುಕ್ರಿ. ಅಲ್ಲಿ ಸಿಕ್ಕದ್ದನ್ನ ಟ್ರೇಕ್ಕ ಸೇರಿಸಬ್ಯಾಡ್ರಿ. ನೀರಾಗ ಹಾಕಿ ನೋಡೋದು ವಯಸ್ಸು ಹೇಳ್ತದ: ಮಲಗಿದ್ದು ಹೊಸಾದು, ನೆಟ್ಟಗ ನಿಂತದ್ದು ಹಳೇದು, ತೇಲಿದ್ದು ಚೆಲ್ಲೋದು. ಝಳಕ್ಕ ಕೆಟ್ಟದ್ದೂ ಮುಳುಗಬಹುದು, ಅದಕ್ಕ ಒಂದೊಂದೇ ಬ್ಯಾರೆ ಬಟ್ಟಲದಾಗ ಒಡೀರಿ. ಕುದಿಸಿ ಸುಲಿಯಾಕ ಮಾತ್ರ ವಾರ ಕಳೆದ ಫ್ರಿಜ್ಜಿನದು ಚಲೋ, ಅವತ್ತಿನ ತತ್ತಿಯ ಸಿಪ್ಪಿ ಬಿಳಿದನ್ನೂ ಕಿತ್ತುಕೊಂಡು ಬರ್ತದ.